ಮನಿ ನೋಡಾಕ ಹೋದಾಗ ಏನ್ ನೋಡಬೇಕು, ಏನ್ ಆಡಬಾರದು

ಪ್ರಶ್ನೆ: ನಾವು ಗದಗಿನವರು. ನಾನು ಸಾಲಿ ಟೀಚರ್, ನಮ್ಮ ಯಜಮಾನ್ರಿಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗೇತಿ, ಹಿಂಗಾಗಿ ಆರು ತಿಂಗಳಿಂದ ಹುಬ್ಬಳ್ಳಿ-ಧಾರವಾಡದಾಗ ಕಟ್ಟಿದ ಮನಿ ಹುಡುಕಾಕ ಹತ್ತೀವಿ. ಹೋದ ರವಿವಾರ ನವನಗರದಾಗ ಒಂದ್ ಮನಿ ನೋಡಿದ್ವಿ. ನಾವಿಬ್ರು, ಅತ್ತಿ-ಮಾವ, ನಾದಿನಿ, ಇಬ್ರು ಹುಡುಗ್ರು, ಒಟ್ಟ ಏಳು ಮಂದಿ ಹೋಗಿದ್ವಿ. ಮನಿ ಎಲ್ಲಾರಿಗೂ ಸೇರಿತ್ತು. ಆದ್ರ ನಮ್ಮ ಅತ್ತಿಯವರು ಅಡಗಿ ಮನಿ ಕಪಾಟ ತಾವೇ ತಗದು ನೋಡಿದ್ರು, ಆಮ್ಯಾಲ ಪಡಸಾಲ್ಯಾಗ ನಿಂತು ‘ಈಶಾನ್ಯ ಮೂಲ್ಯಾಗ ಸಂಡಾಸ ಐತಿ, ಅದಕ್ಕ ಈ ಮನ್ಯಾಗ ಏಳಿಗಿ ಆಗಿಲ್ಲ’ ಅಂದ್ಬಿಟ್ರು. ಆ ಮನಿ ಅಜ್ಜಿ ಅಲ್ಲೇ ಕುಂತಿದ್ರು. ಮರುದಿನ ಏಜೆಂಟ್ ಫೋನ್ ಮಾಡಿ ‘ಅವರು ನಿಮಗ ಕೊಡಂಗಿಲ್ಲ ಅಂತಾರ’ ಅಂದ್ರು. ಎಲ್ಲಾ ಕೆದಕಿ ನೋಡಲಿಲ್ಲ ಅಂದ್ರ ಮೋಸ ಹೋಗತೀವಿ ಅನ್ನೋ ಭಯ, ನೋಡಿದ್ರ ಹಿಂಗ ಆಗತೈತಿ. ಹೆಂಗ ನಡಕೋಬೇಕ್ರಿ?

ಉತ್ತರ: ಅಕ್ಕಾರ, ಮೊದಲನೇದಾಗಿ ನಿಮ್ಮ ಅತ್ತಿಯವರ ಮ್ಯಾಲ ಸಿಟ್ಟಾಗಬ್ಯಾಡ್ರಿ. ಜೀವಮಾನದ ದುಡ್ಡು ಹಾಕೋ ಮನಿ ಅದು, ಮಗ-ಸೊಸಿ-ಮೊಮ್ಮಕ್ಕಳು ಬಾಳಿ ಬದುಕೋ ಜಾಗ ಅಂತ ಕಾಳಜಿಲೇ ನೋಡ್ಯಾರ, ಅವರು ನೋಡಿದ್ದು ತಪ್ಪಲ್ಲ, ವಾಸ್ತು ನೋಡೋದು ಬಿಡೋದು ಅವರವರ ನಂಬಿಕಿ. ಮಾತ್ ಎಲ್ಲಿ ನಿಂತು ಯಾರ ಮುಂದ ಆಡಿದ್ರು ಅನ್ನೋದ್ರಾಗ ತಪ್ಪಾತು. ಆ ಒಂದ್ ಮಾತಿನ್ಯಾಗ ಅವರು ಮನಿ ಬಗ್ಗೆ ಮಾತಾಡಲಿಲ್ಲ ನೋಡ್ರಿ, ಆ ಮಂದಿ ಬದುಕಿನ ಬಗ್ಗೆ ಮಾತಾಡಿದ್ರು. ಏಳಿಗಿ ಆಗಿಲ್ಲ ಅಂದ್ರ ಆ ಅಜ್ಜಿಗೆ ತನ್ನ ಗಂಡ, ಮಕ್ಕಳು, ತಾನು ಮೂವತ್ತು-ನಲವತ್ತು ವರ್ಷ ಮಾಡಿದ್ದೆಲ್ಲಾ ನೀರಾಗ ಹೋಮ ಆತು ಅಂತ ಕೇಳಿಸಿರತೈತಿ.

ನಾನು ಸಿವಿಲ್ ಇಂಜಿನಿಯರ್, ಬ್ಯಾಂಕಿಗೆ ವ್ಯಾಲ್ಯೂವೇಶನ್ ರಿಪೋರ್ಟ್ ಬರಕೊಡೋದು ಮತ್ತ ತಗೊಳ್ಳೋರ ಜೋಡಿ ಹೋಗಿ ಮನಿ ಗಟ್ಟಿ ಐತೋ ಇಲ್ಲೋ ನೋಡಿ ಹೇಳೋದು ನನ್ನ ಕೆಲಸ, ಇಪ್ಪತ್ತೆರಡು ವರ್ಷ ಆತು. ಮಂದಿ ಉಣ್ಣಾಕ ಕುಂತಾಗ, ಹುಡುಗ್ರು ಅಭ್ಯಾಸ ಮಾಡುವಾಗ, ಹಾಸಿಗಿ ಹಿಡದ ಅಜ್ಜ ಮಲಗಿದ ಖೋಲ್ಯಾಗ, ಹಿಂಗ ಬ್ಯಾರೇಯವರ ಮನ್ಯಾಗ ಟೇಪ್ ಹಿಡಕೊಂಡು ಅಡ್ಡಾಡೋದೇ ನನ್ನ ದಿನದ ಕೆಲಸ. ಮೊದಮೊದಲ ನಾನೂ ತಪ್ಪ ಮಾಡೀನಿ. ಧಾರವಾಡ ಮಾಳಮಡ್ಡಿಯೊಳಗ ಒಂದ್ ಹಳೇ ಮನಿ, ಸಾಗವಾನಿ ಕಂಬ, ಎರಡ ಫೂಟ್ ದಪ್ಪನ ಮಣ್ಣಿನ ಗ್ವಾಡಿ, ಮಂಗಳೂರು ಹಂಚು. ತಗೊಳ್ಳೋರು ಕೆಡವಿ ಹೊಸಾದ್ ಕಟ್ಟೋರಿದ್ರು. ನಾನು ಸ್ಕ್ರೂಡ್ರೈವರ್ ತಗೊಂಡು ಕಂಬಕ್ಕ ಚುಚ್ಚಿ ನೋಡಿ, ಗೆದ್ದಲ ಹತ್ತಿದ್ದು ಕಂಡು, ‘ಇದ್ರ ಆಯುಷ್ಯ ಮುಗದೈತ್ರಿ, ಕೆಡವೋದೇ ಛಲೋ’ ಅಂತ ಜೋರಾಗಿ ಅಂದೆ. ಮನಿ ಯಜಮಾನ್ರು ಎಂಬತ್ತು ದಾಟಿದವರು, ಅವರ ಅಪ್ಪ ಕಟ್ಟಿಸಿದ ಮನಿ ಅದು, ಬಾಗಲ ಹತ್ರನ ನಿಂತಿದ್ರು. ಏನೂ ಅನ್ನಲಿಲ್ಲ, ಹಿತ್ತಲಕ್ಕ ಹೋಗಿ ತುಳಸಿ ಕಟ್ಟಿ ಮುಂದ ಕುಂತರು, ನಾವು ಹೋಗೋತನಕ ಒಳಗ ಬರಲಿಲ್ಲ. ಆ ವ್ಯವಹಾರ ಆಗಲಿಲ್ಲ. ನಾ ಹೇಳಿದ್ದು ಖರೇನ ಇತ್ತು, ಆದ್ರ ಅದನ್ನ ರಿಪೋರ್ಟಿನ್ಯಾಗ ಬರೀಬೇಕಿತ್ತು. ಆವತ್ತಿನಿಂದ ನಾನು ಒಂದ್ ರೂಲ್ ಇಟ್ಕೊಂಡೀನಿ, ನನ್ನ ಜೋಡಿ ಬರೋರಿಗೂ ಗೇಟಿನ ಹೊರಗನ ಹೇಳತೀನಿ: ಒಳಗ ಹೋದ ಮ್ಯಾಲ ಬರೇ ನೋಡೋದು, ಕೇಳೋದು. ಛಲೋ ಐತಿ, ಕೆಟ್ಟೈತಿ ಅನ್ನೋ ತೀರ್ಮಾನ ಎಲ್ಲಾ ನಮ್ಮ ಗಾಡ್ಯಾಗ ಕುಂತ ಮ್ಯಾಲ.

ಇಷ್ಟ ಮಾಡಿದ್ರ ನಿಮ್ಮ ಭಯಾನೂ ಅರ್ಧ ಕಡಿಮಿ ಆಗತೈತಿ. ಯಾಕಂದ್ರ ನೋಡಾಕ ಯಾವ ಮಾಲೀಕರೂ ಬ್ಯಾಡ ಅನ್ನಂಗಿಲ್ಲ, ಕೇಳಿ ನೋಡಿದ್ರ ಎಲ್ಲಾ ತೋರಸತಾರ. ಸಂಕೋಚ ಮಾಡ್ಕೊಂಡು ನೋಡದ ಬರೋದೂ ತಪ್ಪ, ಐವತ್ತು-ಅರವತ್ತು ಲಕ್ಷದ ವಸ್ತು ಅದು.

ಈಗ ಹೋಗೂಕಿಂತ ಮೊದಲಿನ ಮಾತು. ಏಳು ಮಂದಿ ಭಾಳ ಆತ್ರಿ. ನಮ್ಮ ಕಡೆ ಹೆಣ್ಣ ನೋಡಾಕ ಹೋದಂಗ ಟೆಂಪೋ ತುಂಬ್ಕೊಂಡು ಹೋಗೋದು ರೂಢಿ, ಆದ್ರ 30-40ರ ಪ್ಲಾಟಿನ ಮನ್ಯಾಗ ಏಳು ಮಂದಿ ಒಮ್ಮೆಲೆ ಹೊಕ್ಕರ ಆ ಮನಿಯವರಿಗೆ ಯಾರು ಎಲ್ಲಿ ಹೋದ್ರು, ಯಾರು ಏನ್ ಮುಟ್ಟಿದ್ರು ಗೊತ್ತಾಗಂಗಿಲ್ಲ, ಗಾಬರಿ ಆಗತಾರ. ಮೊದಲನೇ ಸಲ ಗಂಡ-ಹೆಂಡತಿ, ಭಾಳ ಅಂದ್ರ ಇನ್ನೊಬ್ರು. ನಿಮಗ ಮನಸ್ಸಿಗೆ ಬಂತು ಅಂದ್ರ ಎರಡನೇ ಸಲ ಅತ್ತಿ-ಮಾವನ್ನ ಕರಕೊಂಡು ಹೋಗ್ರಿ, ಅದೂ ಮೊದಲ ಫೋನ್ ಮಾಡಿ ‘ನಮ್ಮ ಹಿರಿಯರು ಒಮ್ಮೆ ನೋಡತೀವಿ ಅಂತಾರ್ರಿ’ ಅಂತ ಹೇಳಿ. ಹಿರಿಯರು ನೋಡಾಕ ಬರ್ತಾರ ಅಂದ್ರ ಮಾರೋರಿಗೂ ಇವರು ಖರೇನ ತಗೊಳ್ಳೋ ಮಂದಿ ಅಂತ ಧೈರ್ಯ ಬರತೈತಿ. ಸಣ್ಣ ಹುಡುಗ್ರನ್ನ ಆದಷ್ಟು ಬಿಟ್ಟು ಹೋಗ್ರಿ, ಕರಕೊಂಡು ಹೋದ್ರ ಕೈ ಹಿಡದ ಇರಬೇಕು. ಬ್ಯಾರೇಯವರ ಹಾಸಿಗಿ ಮ್ಯಾಲ ಜಿಗದಾಡೋದು, ಟಿವಿ ರಿಮೋಟ್ ಹಿಡಿಯೋದು, ಅದನ್ನ ಯಾರೂ ಬಾಯಿಬಿಟ್ಟು ಬ್ಯಾಡ ಅನ್ನಂಗಿಲ್ಲ, ಮನಸ್ಸಿನ್ಯಾಗ ಇಟ್ಕೋತಾರ.

ವಾಸ್ತು ನಿಮ್ಮ ಮನ್ಯಾಗ ಮುಖ್ಯ ಅಂದ್ರ ಅದನ್ನ ಹೋಗೂಕಿಂತ ಮೊದಲ ಮುಗಿಸ್ರಿ. ಏಜೆಂಟ್‌ಗೆ ಹೇಳ್ರಿ, ಒಂದ್ ಹಾಳಿ ಮ್ಯಾಲ ಉತ್ತರ ಯಾವ ಕಡೆ ಅಂತ ಗುರುತ ಹಾಕಿ, ಬಾಗಲ, ಅಡಗಿ ಮನಿ, ದೇವರ ಮನಿ, ಸಂಡಾಸ, ಬೋರು, ಸಂಪು ಎಲ್ಲೆಲ್ಲಿ ಐತಿ ಅಂತ ಕೈಲೇ ಗೀಟ ಹಾಕಿ ವಾಟ್ಸಾಪ್ ಮಾಡ್ರಿ ಅಂತ. ಹತ್ತು ಮಿನಿಟಿನ ಕೆಲಸ. ಅತ್ತಿಯವರು ಮನ್ಯಾಗ ಕುಂತು ನಿಮ್ಮ ಜ್ಯೋತಿಷಿಗಳ ಜೋಡಿ ನೋಡಲಿ, ಈಶಾನ್ಯ ಸರಿ ಇಲ್ಲ ಅಂದ್ರ ಆ ಮನಿಗೆ ಹೋಗೋದೇ ಬ್ಯಾಡ. ಹೋಗಿ, ಅವರ ಚಾ ಕುಡದು, ಆಮ್ಯಾಲ ಕಂಪಾಸ್ ಆ್ಯಪ್ ತಗದು ಪಡಸಾಲಿ ನಡಬರಕ್ಕ ನಿಂತು ತಿರಗೋದು ಎಷ್ಟೋ ಮನ್ಯಾಗ ನೋಡೀನಿ, ಮಾಲೀಕರ ಮಾರಿ ಆವಾಗ ನೋಡಾಕ ಆಗಂಗಿಲ್ಲ. ಇನ್ನೊಂದ್ ಮಾತು, ‘ಈ ಮನಿ ವಾಸ್ತು ಸರಿ ಇಲ್ಲಂತ’ ಅಂತ ಓಣ್ಯಾಗ ಒಮ್ಮೆ ಸುದ್ದಿ ಹಬ್ಬಿದ್ರ ಆ ಮನಿ ವರ್ಷಗಟ್ಟಲೆ ಹಂಗ ಬೀಳತೈತಿ, ರೇಟ್ ಇಳೀತೈತಿ. ಮಗಳ ಮದವಿಗೋ ದವಾಖಾನಿ ಖರ್ಚಿಗೋ ಮಾರೋರಿಗೆ ಅದು ದೊಡ್ಡ ಹೊಡತ.

ಹೊತ್ತು ಕೇಳಿ ಹೋಗ್ರಿ. ಅಮವಾಸಿ ದಿನ, ರಾಹುಕಾಲ ಅದೆಲ್ಲಾ ನಿಮಗ ಬ್ಯಾಡಂದ್ರೂ ಅವರಿಗೆ ಇರತೈತಿ. ಶ್ರಾವಣ ಸೋಮವಾರ ಪೂಜಿ ಇರತೈತಿ, ಶುಕ್ರವಾರ ಮಧ್ಯಾಹ್ನ ಮುಸಲ್ಮಾನ್ರ ಮನ್ಯಾಗ ಗಂಡಸರು ನಮಾಜಿಗೆ ಹೋಗಿರತಾರ, ರಂಜಾನ್ ತಿಂಗಳದಾಗ ಸಂಜಿ ಉಪವಾಸ ಬಿಡೋ ಹೊತ್ತಿಗೆ ಹೋಗಬಾರದು, ಮಾರ್ಚ್‌ನ್ಯಾಗ ಮನ್ಯಾಗ ಎಸ್ಎಸ್ಎಲ್‌ಸಿ ಹುಡುಗ ಇದ್ರ ತಾಸಗಟ್ಟಲೆ ಕೂಡಬಾರದು. ಹತ್ತೂವರಿಯಿಂದ ಹನ್ನೆರಡರ ನಡು ಹೋದ್ರ ಅಡಗಿ ಮನ್ಯಾಗ ರೊಟ್ಟಿ ಬಡಿಯೋ ಹೊತ್ತು, ಹಿಟ್ಟಿನ ಕೈಲೇ ಆ ಹೆಣ್ಮಗಳು ಎದ್ದು ನಿಂತು ಬಾಜೂಕ ಸರೀಬೇಕಾಗತೈತಿ. ನನ್ನ ಕೇಳಿದ್ರ ಮುಂಜಾನೆ ಒಂಬತ್ತೂವರಿ, ಇಲ್ಲಾ ಮಧ್ಯಾಹ್ನ ನಾಲ್ಕರ ಮ್ಯಾಲ, ಬೆಳಕ ಇದ್ದಾಗ. ಲೈಟ್ ಹಚ್ಚಿದ ಮ್ಯಾಲ ಗ್ವಾಡಿ ಹಸಿ ಕಾಣಂಗಿಲ್ಲ. ಹೇಳಿದ ಹೊತ್ತಿಗೆ ಹೋಗ್ರಿ, ಚಿಗರಿ ಬಸ್ಸು ತಪ್ತು, ಉಣಕಲ್ ಹತ್ರ ಟ್ರಾಫಿಕ್ ಐತಿ ಅಂದ್ರ ಫೋನ್ ಮಾಡ್ರಿ. ನೀವು ಬರ್ತೀರಿ ಅಂತ ಅವರು ಮನಿ ಸಾರಿಸಿ, ಬಟ್ಟಿ ಒಳಗಿಟ್ಟು, ರಜಾ ಹಾಕಿ ಕುಂತಿರತಾರ.

ಬಾಗಲದಾಗ ಚಪ್ಪಲಿ ಬಿಡೋದು ನಿಮಗ ಹೇಳಬೇಕಾಗಿಲ್ಲ, ಆದ್ರ ಸಾಕ್ಸ್ ಹಾಕ್ಕೊಂಡು ದೇವರ ಮನಿ ಹೊಸ್ತಿಲ ತುಳಿಯೋರನ್ನ ನೋಡೀನಿ, ಅದಕ್ಕ ಹೇಳಿದೆ. ಚಾ ಕೊಟ್ರ ಅರ್ಧಾ ಕಪ್ ಆದ್ರೂ ತಗೋರಿ, ಚಾ ಕುಡದ್ರ ಮನಿ ತಗೋಬೇಕಂತೇನಿಲ್ಲ. ಹೊಂಡೂಮುಂದ ಅರಿಷಿಣ ಕುಂಕುಮ ಕೊಟ್ರ ನಿಂತು ಹಚ್ಚಿಸ್ಕೊಂಡು ಬರ್ರಿ.

ಒಳಗ ಅಡ್ಡಾಡುವಾಗ ಮನಿಯವರು ಮುಂದ, ನೀವು ಹಿಂದ. ಮುಚ್ಚಿದ ಬಾಗಲಾ ನೀವಾಗೇ ತಗೀಬ್ಯಾಡ್ರಿ, ಒಳಗ ಹೆಣ್ಮಕ್ಕಳು ಬಟ್ಟಿ ಬದಲಸಾಕ ಹತ್ತಿರಬಹುದು, ಯಾರರೆ ಮಲಗಿರಬಹುದು. ದೇವರ ಮನಿ ಹೊರಗ ನಿಂತನ ನೋಡ್ರಿ, ಕೆಲವು ಮನ್ಯಾಗ ಮಡಿ ಇರತೈತಿ, ಕೆಲವು ಮನ್ಯಾಗ ಇಷ್ಟಲಿಂಗ ಪೂಜಿ ಮಾಡೋರು ಕುಂತಿರತಾರ. ಕಪಾಟಿನ ವಿಷಯ ಅಂದ್ರ ಗ್ವಾಡಿಗೆ ಕೂಡಿಸಿದ ವಾರ್ಡ್‌ರೋಬ್, ಅಡಗಿ ಮನಿ ಕಟ್ಟಿ ಕೆಳಗಿನ ಕಪಾಟು ನೋಡಬೇಕಾಗತೈತಿ, ಅದು ಮನಿ ಜೋಡಿ ಬರೋ ವಸ್ತು, ಹಸಿ ಹಿಡಿಯೋದೂ ಗೆದ್ದಲ ಹತ್ತೋದೂ ಅದ್ರ ಬೆನ್ನಾಗನ. ಆದ್ರ ‘ಇವು ಮನಿ ಜೋಡಿ ಬರತಾವೇನ್ರಿ, ಒಂದೀಟ ತಗದು ತೋರಸತೀರೇನ್ರಿ’ ಅಂತ ಕೇಳಿ ಅವರ ಕೈಲೇ ತಗಸ್ರಿ. ಗೋದ್ರೇಜ್ ತಿಜೋರಿ, ಫ್ರಿಜ್ಜು, ಬಿಡಿ ಕಪಾಟು ಅವರವು, ಅದ್ರ ಹಿಡಿಕಿಗೆ ಕೈ ಹಚ್ಚಬಾರದು. ನಿಮ್ಮ ಅತ್ತಿಯವರು ಮಾಡಿದ್ದರಾಗ ಇಷ್ಟೇ ಫರಕ್ ಇತ್ತು, ನೋಡಿದ ವಸ್ತು ಸರಿ ಇತ್ತು, ಕೇಳಿರಲಿಲ್ಲ.

ಗ್ವಾಡಿ ವಿಷಯಕ್ಕ ಬರೋಣ, ಯಾಕಂದ್ರ ಮೋಸ ಹೋಗೋ ಭಯ ಇರೋದು ಇಲ್ಲೇ. ಹುಬ್ಬಳ್ಳಿ ಮೂಡಲ ಕಡೆ, ಕುಸುಗಲ್ ರೋಡ್, ಗದಗ ರೋಡ್, ನವಲಗುಂದದ ದಿಕ್ಕಿಗೆ ಹೊಂಟ್ರ ಎರಿ ಭೂಮಿ. ಎರಿ ಮಣ್ಣು ಮಳಿಗಾಲದಾಗ ನೀರ ಕುಡದು ಉಬ್ಬತೈತಿ, ಬ್ಯಾಸಿಗ್ಯಾಗ ಒಣಗಿ ಕುಗ್ಗತೈತಿ, ಬುನಾದಿ ಗಟ್ಟಿ ಗರಸಿನ ತನಕ ಇಳದಿರಲಿಲ್ಲ ಅಂದ್ರ ಮನಿ ಅದ್ರ ಜೋಡಿ ಮ್ಯಾಲ ಕೆಳಗ ಆಗತೈತಿ, ಗ್ವಾಡಿ ಬಿರಕ ಬಿಡತೈತಿ. ಧಾರವಾಡದ ಪಡುವಲ ಕಡೆ ಕೆಂಪು ಮಣ್ಣು ಜಾಸ್ತಿ, ಅಲ್ಲಿ ಈ ತ್ರಾಸ ಕಡಿಮಿ, ಆದ್ರ ಮಳಿ ಹೆಚ್ಚು, ಹಸಿ ಹಿಡಿಯೋದು ಹೆಚ್ಚು. ಕಿಡಕಿ, ಬಾಗಲ ಮೂಲಿಯಿಂದ ಓರಿಯಾಗಿ ಪಾವಟಿಗಿ ಹತ್ತಿದಂಗ ಏರಿದ ಬಿರಕಿದ್ರ ಅದು ಬುನಾದಿ ಅಲಗ್ಯಾಡಿದ ಗುರುತು, ಒಂದ್ ರೂಪಾಯಿ ನಾಣ್ಯದ ಅಂಚು ಹೋಗುವಷ್ಟು ಅಗಲ ಇದ್ರ ಇಂಜಿನಿಯರ್ ತೋರಿಸಲಾರದ ಮುಂದ ಹೋಗಬ್ಯಾಡ್ರಿ. ಬೀಮಿಗೂ ಇಟ್ಟಂಗಿ ಗ್ವಾಡಿಗೂ ನಡು ನೆಟ್ಟಗ ಗೀಟ ಹೊಡದಂಗ ಇರೋದು, ಗಿಲಾವಿನ ಮ್ಯಾಲ ಕೂದಲೆಳಿ ಹಂಗ ಇರೋದು ಎಲ್ಲಾ ಮನ್ಯಾಗೂ ಇರತೈತಿ, ಅದಕ್ಕ ಹೆದರಬ್ಯಾಡ್ರಿ. ನೆಲದಿಂದ ಎರಡು-ಮೂರು ಫೂಟಿನ ತನಕ ಬಣ್ಣ ಉಬ್ಬಿ, ಬಿಳೇ ಉಪ್ಪಿನ ಹುಡಿ ಉದರಾಕ ಹತ್ತಿದ್ರ ಕೆಳಗಿಂದ ಹಸಿ ಏರೈತಿ ಅಂತ. ಮ್ಯಾಲ ಸ್ಲ್ಯಾಬಿನ ಮೂಲ್ಯಾಗ ಹಳದಿ ಕಲಿ ಇದ್ರ ಸೋರತೈತಿ ಅಂತ.

ಇದನ್ನೆಲ್ಲಾ ಕಣ್ಣಿಲೇ ನೋಡಬಹುದು, ಬೆಳ್ಳ ತೋರಿಸಿ ‘ಅಯ್ಯ ಇಲ್ನೋಡ್ರಿ’ ಅಂತ ಒದರಬೇಕಾಗಿಲ್ಲ. ಒಂದ್ ಕಡೆ ಅಷ್ಟ ಹೊಸಾ ಬಣ್ಣ ಕಂಡ್ರ ‘ಏನೋ ಮುಚ್ಚಾಕ ಹಚ್ಚೀರಿ ಅನಸ್ತೈತಿ’ ಅಂದ್ರ ಜಗಳ, ‘ಇಲ್ಲಿ ರಿಪೇರಿ ಮಾಡಿಸಿದ್ರೇನ್ರಿ, ಯಾವಾಗ ಮಾಡಿಸಿದ್ರಿ, ಯಾವ ಗೌಂಡಿ ಮಾಡಿದ್ರು’ ಅಂದ್ರ ಅವರು ಕುಂತು ಕಥಿ ಹೇಳತಾರ. ಎರಡೂ ಕೇಳೋದು ಒಂದ ವಿಷಯ. ನೀವು ಪ್ರಶ್ನಿ ಕೇಳಿದ ಧಾಟಿ ಛಲೋ ಇದ್ರ ಮಾರೋರು ತಾವಾಗೇ ಬಾಯಿಬಿಡಲಾರದ ಸಂಗತಿನೂ ಹೇಳತಾರ, ಇದು ನನ್ನ ಅನುಭವ. ಧಾರವಾಡದಾಗ ಒಬ್ರು ತರುಣ ಗಂಡ-ಹೆಂಡತಿ ಜೋಡಿ ಹೋಗಿದ್ದೆ. ಹಿತ್ತಲದಾಗ ಕರಿಬೇವು, ನುಗ್ಗಿ, ಮಲ್ಲಿಗಿ ಭಾಳ ಛಂದ ಬೆಳದಿದ್ವು. ಆ ಹೆಣ್ಮಗಳು ಮನಿ ಅಮ್ಮಾರಿಗೆ ‘ಇಷ್ಟ ನೀರ ಎಲ್ಲಿಂದ ಹಾಕತೀರ್ರಿ ಅಮ್ಮಾರ’ ಅಂದಳು ನೋಡ್ರಿ, ಅಮ್ಮಾರು ಜರ ಹೊತ್ತು ಸುಮ್ನಿದ್ದು, ‘ಮೊದಲ ಇಲ್ಲಿ ಬಾವಿ ಇತ್ತವ್ವಾ, ತೊಂಬತ್ತರ ಸುಮಾರ ಮುಚ್ಚಿಸಿ ಮ್ಯಾಲ ಆ ಹಿಂದಿನ ಖೋಲಿ ಕಟ್ಟಿದ್ವಿ, ಮಳಿಗಾಲದಾಗ ಅಲ್ಲಿ ಫರಸಿ ಜರ ಕುಸೀತೈತಿ’ ಅಂದ್ರು. ಮುಚ್ಚಿದ ಬಾವಿ ಮ್ಯಾಲ ಖೋಲಿ! ನಾ ಎಷ್ಟ ಟೇಪ್ ಹಿಡದ್ರೂ, ಎಷ್ಟ ಗ್ವಾಡಿ ಬಡದ್ರೂ ಅದು ಗೊತ್ತಾಗತಿರಲಿಲ್ಲ, ಯಾವ ಉತಾರದಾಗೂ (ಆಸ್ತಿ ದಾಖಲೆ) ಬರದಿರಂಗಿಲ್ಲ. ಆ ಖೋಲಿ ಲೆಕ್ಕಕ್ಕ ಹಿಡೀದ ರೇಟ್ ಮಾತಾಡಿ ಇಬ್ರಿಗೂ ಸಮಾಧಾನ ಆಗುವಂಗ ವ್ಯವಹಾರ ಮುಗೀತು, ಆಮ್ಯಾಲ ಅವರು ಆ ಖೋಲಿ ತಗದು ಬಯಲ ಮಾಡ್ಕೊಂಡ್ರು.

ನೀರಿನ ಬಗ್ಗೆ ಮಾತ್ರ ಸಂಕೋಚ ಇಲ್ಲದ ಕೇಳ್ರಿ, ಇಲ್ಲಿ ಯಾರೂ ತಪ್ಪ ತಿಳಕೊಳ್ಳಂಗಿಲ್ಲ. ಗದಗದಾಗ ಇದ್ದವರಿಗೆ ನೀರಿನ ಬೆಲಿ ನಾ ಹೇಳಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡಕ್ಕ ಸವದತ್ತಿ ಹತ್ರದ ಮಲಪ್ರಭಾ ಡ್ಯಾಮಿನ ನೀರು ಬರತಾವು, ಕೆಲವು ವಾರ್ಡಿನ್ಯಾಗ 24 ತಾಸು ನಳ ಐತಿ, ಬ್ಯಾರೆ ಕಡೆ ನಾಲ್ಕೈದು ದಿನಕ್ಕೊಮ್ಮೆ, ಬ್ಯಾಸಿಗ್ಯಾಗ ಇನ್ನೂ ತಡ. ಒಂದ ಏರಿಯಾದಾಗ ಒಂದ್ ಓಣಿಗೂ ಇನ್ನೊಂದಕ್ಕೂ ಫರಕ್ ಇರತೈತಿ. ಅದಕ್ಕ ‘ನೀರಿನ ಸಮಸ್ಯೆ ಐತೇನ್ರಿ’ ಅಂತ ಕೇಳಬ್ಯಾಡ್ರಿ, ಎಲ್ಲಾರೂ ಇಲ್ಲ ಅಂತಾರ. ‘ನಳ ಎಷ್ಟ ದಿನಕ್ಕ ಬರತೈತ್ರಿ, ಎಷ್ಟ ತಾಸು ಬಿಡತಾರ, ಸಂಪು ಎಷ್ಟ ಲೀಟರಿಂದು, ಮೇ ತಿಂಗಳದಾಗ ಟ್ಯಾಂಕರ್ ತರಸಿದ್ರೇನ್ರಿ’ ಅಂತ ಕೇಳ್ರಿ. ಲೆಕ್ಕಾ ನೀವೇ ಹಾಕ್ರಿ. ಪಟ್ಟಣದಾಗ ಒಬ್ರಿಗೆ ದಿನಕ್ಕ 135 ಲೀಟರ್ ಅಂತ ಸರಕಾರದ ಲೆಕ್ಕ. ನಿಮ್ಮದು ಅತ್ತಿ-ಮಾವ, ನೀವಿಬ್ರು, ಇಬ್ರು ಹುಡುಗ್ರು ಅಂದ್ರ ಆರು ಮಂದಿಗೆ ದಿನಕ್ಕ 810, ಐದ ದಿನಕ್ಕ 4,050 ಲೀಟರ್. ಸಂಪಿನ ಉದ್ದ, ಅಗಲ, ಆಳ ಫೂಟಿನ್ಯಾಗ ಕೇಳಿ ಗುಣಿಸಿ 28ರಿಂದ ಗುಣಿಸಿದ್ರ ಲೀಟರ್ ಸಿಗತೈತಿ, 6-5-6 ಫೂಟಿನ ಸಂಪು ಸುಮಾರ 5,000 ಲೀಟರ್ ಹಿಡೀತೈತಿ, ನಿಮಗ ಸಾಕು. ನಳ ತಿರುವಿ ನೋಡೋದು, ಫ್ಲಶ್ ಎಳದ ನೋಡೋದು ಮಾಡಬೇಕು, ಆದ್ರ ‘ಒಮ್ಮೆ ನೀರ ಬಿಟ್ಟ ನೋಡಲೇನ್ರಿ’ ಅಂತ ಕೇಳಿ, ನೋಡಿದ ಕೂಡ್ಲೇ ಬಂದ್ ಮಾಡ್ರಿ. ನಾಲ್ಕ ದಿನಕ್ಕೊಮ್ಮೆ ನೀರ ಬರೋ ಮನ್ಯಾಗ ಐದ ಮಿನಿಟ್ ನಳ ಬಿಟ್ಟು ನಿಂತ್ರ ಯಾರಿಗರೆ ಹೊಟ್ಟಿ ಉರಿಯಂಗಿಲ್ಲೇನು?

ಮಾಳಿಗಿ ಮ್ಯಾಲ ಹೋಗದ ಬರಬ್ಯಾಡ್ರಿ, ಸೋರೋದ್ರ ಮೂಲ ಅಲ್ಲೇ ಕಾಣೋದು. ಆದ್ರ ಬ್ಯಾಸಿಗ್ಯಾಗ ಹೋದ್ರ ಅಲ್ಲಿ ಸಂಡಿಗಿ, ಹಪ್ಪಳ, ವರ್ಷದ ಖಾರಕ್ಕ ಅಂತ ಬ್ಯಾಡಗಿ ಮೆಣಸಿನಕಾಯಿ ಒಣ ಹಾಕಿರತಾರ, ಅದನ್ನ ದಾಟಿ ತುಳದು ಹೋಗಬಾರದು, ಬಾಜೂ ಮನಿ ಅಂಗಳ, ಕಿಡಕಿ ಇಣಕಬಾರದು.

ಫೋಟೋ, ವಿಡಿಯೋ ವಿಷಯ ಈಗ ದೊಡ್ಡ ತಕರಾರ ಆಗೇತಿ. ಕೇಳಿ ತಗೀರಿ, ಕೊಟ್ರೂ ಬರೇ ಗ್ವಾಡಿ, ನೆಲ, ಕಿಡಕಿ ತಗೀರಿ. ಹೆಣ್ಮಕ್ಕಳು, ಹುಡುಗ್ರು, ದೇವರ ಜಗಲಿ, ತಿಜೋರಿ, ಗ್ವಾಡಿ ಮ್ಯಾಲಿನ ಮನಿತನದ ಫೋಟೋ ಬರಬಾರದು. ಬೆಂಗಳೂರಾಗ ಇರೋ ಮಗಳಿಗೆ ವಿಡಿಯೋ ಕಾಲ್ ಹಚ್ಚಿ ತಿರುಗಾಡೋ ಮೊದಲ ‘ನಮ್ಮ ಮಗಳು ನೋಡತೀನಿ ಅಂತಾಳ್ರಿ, ಹಚ್ಚಲೇನ್ರಿ’ ಅನ್ರಿ. ಆಮ್ಯಾಲ ಆ ಫೋಟೋ ನಿಮ್ಮ ಮನಿಯವರ ಗ್ರೂಪಿಗೆ ಸಾಕು, ‘ಯಾರಿಗರೆ ಬೇಕೇನ್ರಿ’ ಅಂತ ಹತ್ತು ಗ್ರೂಪಿಗೆ ಹಾಕಬ್ಯಾಡ್ರಿ. ಎಷ್ಟೋ ಮಂದಿ ಬೀಗರಿಗೆ, ಓಣ್ಯಾಗ ಗೊತ್ತಾಗಲಾರದಂಗ ಮಾರಾಕ ಹತ್ತಿರತಾರ. ಮತ್ತ ಈಗ ಗೇಟಿನ್ಯಾಗ, ಪಡಸಾಲ್ಯಾಗ ಕ್ಯಾಮೆರಾ ಇರತಾವು, ಅದ್ರಾಗ ಮಾತೂ ಕೇಳಿಸತಾವು. ಹೊರಗ ಬಂದು ಅವರ ಗೇಟಿಗೇ ಆತ್ಕೊಂಡು ನಿಂತು ‘ಇಷ್ಟ ರೊಕ್ಕ ಎಲ್ಲಿಂದ ಬಂತು ಇದಕ್ಕ’ ಅಂತ ಮಾತಾಡಿದ್ದು ಮಾಲೀಕರು ಮೊಬೈಲಿನ್ಯಾಗ ಕೇಳಿದ್ದು ನನ್ನ ಕಣ್ಣ ಮುಂದನ ಆಗೇತಿ.

ಯಾಕ ಮಾರಾಕ ಹತ್ತೀರಿ ಅಂತ ಕೇಳೋದು ತಪ್ಪಲ್ಲ, ಯಜಮಾನ್ರಿಗೆ ಒಮ್ಮೆ ಕೇಳ್ರಿ, ಅವರು ಹೇಳಿದ್ದು ಕೇಳಿ ಬಿಟ್ಟುಬಿಡ್ರಿ. ಮಕ್ಕಳ ಹತ್ರ, ಅಜ್ಜಿ ಹತ್ರ, ಕೆಲಸದವರ ಹತ್ರ ತಿರುಗಿಸಿ ಮುರುಗಿಸಿ ಕೇಳಬ್ಯಾಡ್ರಿ. ಸಾಲ ಆಗೇತೋ, ಅಣ್ಣ-ತಮ್ಮರ ವಾಟ್ನಿ (ಆಸ್ತಿ ಪಾಲು) ತಕರಾರ ಐತೋ ಅನ್ನೋದು ಮಂದಿ ಬಾಯಾಗ ಸಿಗಂಗಿಲ್ಲ, ಕಾಗದದಾಗ ಸಿಗತೈತಿ. ಸಿಟಿ ಸರ್ವೆ ಉತಾರದಾಗ ಬೋಜಾ (ಸಾಲದ ಭಾರ) ಇದ್ರ ಕಾಣತೈತಿ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನ್ಯಾಗ ಇಸಿ, ಅಂದ್ರ ಋಣಭಾರ ಪತ್ರ ತಗದ್ರ ರಜಿಸ್ಟರ್ ಆದ ಖರೀದಿ, ಅಡಮಾನ, ವಾಟ್ನಿ ಬರತೈತಿ. ವಕೀಲರ ಹತ್ರ ಮೂವತ್ತು ವರ್ಷದ ಇಸಿ ತೋರಿಸ್ರಿ. ಅದ್ರ ಮ್ಯಾಲೆ ಅಕ್ಕ-ತಂಗ್ಯಾರ ಹಕ್ಕು ಬಿಟ್ಟಾರೋ ಇಲ್ಲೋ ಅಂತ ವಂಶಾವಳಿ ಹಿಡದು ವಕೀಲರೇ ಕೇಳತಾರ, ಆ ಪ್ರಶ್ನಿ ನೀವು ಪಡಸಾಲ್ಯಾಗ ಕುಂತು ಕೇಳಿದ್ರ ಅವಮಾನ, ವಕೀಲರು ಕೇಳಿದ್ರ ಪದ್ಧತಿ. ಮೊದಲನೇ ಭೇಟಿಗೇ ‘ಒರಿಜಿನಲ್ ಕಾಗದ ತೋರಸ್ರಿ’ ಅನ್ನಬ್ಯಾಡ್ರಿ, ಮನಿ ಒಪ್ಪಿಗಿ ಆತು ಅಂತ ಹೇಳಿ ಉತಾರ, ಹಿಂದಿನ ಖರೀದಿ ಪತ್ರ, ಕಟ್ಟಡ ಪರವಾನಗಿ, ಪಾಲಿಕೆ ಟ್ಯಾಕ್ಸ್ ಪಾವತಿ ಇಷ್ಟರ ಝೆರಾಕ್ಸ್ ಏಜೆಂಟ್ ಮೂಲಕ ತರಸ್ಕೋರಿ.

ಬಾಜೂ ಮನಿಯವರ ಹತ್ರ ನೀರು, ಚರಂಡಿ, ರಾತ್ರಿ ಗದ್ದಲ, ಮಳಿ ಬಂದಾಗ ಓಣ್ಯಾಗ ನೀರ ನಿಲ್ತಾವೇನು ಅಂತ ಕೇಳ್ರಿ. ಮನಿಯವರ ಬಗ್ಗೆ ಕೇಳಬ್ಯಾಡ್ರಿ. ಬಾಡಗಿಯವರು ಇದ್ದ ಮನಿ ಆದ್ರ ಇನ್ನೂ ಹುಷಾರಿರಬೇಕು. ಮನಿ ಮಾರಾಟ ಆದ್ರ ಎಲ್ಲಿ ಹೋಗೋದು ಅಂತ ಅವರಿಗೆ ಮೊದಲ ಚಿಂತಿ ಇರತೈತಿ, ಅವರ ಮುಂದನ ‘ಇವರನ್ನ ಯಾವಾಗ ಖಾಲಿ ಮಾಡಸತೀರಿ’ ಅಂತ ಕೇಳೋರು ಅದಾರ, ನೋಡಿ ನನಗ ಭಾಳ ಕೆಟ್ಟ ಅನಸ್ತೈತಿ. ಮಾಲೀಕರು ಹೂಂ ಅಂದ್ರೂ ಬಾಡಗಿಯವರಿಗೆ ಒಂದ್ ದಿನ ಮೊದಲ ಹೇಳಿಸಿ, ಬಾಗಲಾ ಬಡದು, ‘ಬರಲೇನ್ರಿ’ ಅಂತ ಕೇಳಿ ಹೋಗ್ರಿ. ಎಲ್ಲಿ ಸೋರತೈತಿ, ಕರೆಂಟ್ ಯಾವ ಹೊತ್ತಿಗೆ ಹೋಗತೈತಿ ಅಂತ ಅವರಷ್ಟ ಛಲೋ ಬಲ್ಲವರಿಲ್ಲ. ಆದ್ರ ಅವರು ಹೇಳಿದ್ದನ್ನ ಆಮ್ಯಾಲ ‘ನಿಮ್ಮ ಬಾಡಗಿಯವರೇ ಹೇಳಿದ್ರು’ ಅಂತ ಮಾಲೀಕರ ಮುಂದ ಎತ್ತಿ ರೇಟ್ ಇಳಸಾಕ ಹೋದ್ರ ಅವರಿಗೆ ಮರುದಿನಾನೇ ಸಾಮಾನ ಕಟ್ಟೋ ಪರಿಸ್ಥಿತಿ ಬರತೈತಿ. ಕೇಳಿದ್ದು ನಿಮ್ಮ ಹತ್ರ ಇಟ್ಕೊಂಡು, ನಿಮ್ಮ ಇಂಜಿನಿಯರ್ ಕಣ್ಣಿಗೆ ಬೀಳಿಸ್ರಿ.

ರೇಟಿನ ಮಾತು ಮನ್ಯಾಗ ಬ್ಯಾಡ, ಮೊದಲನೇ ದಿನ ಅಂತೂ ಬ್ಯಾಡೇ ಬ್ಯಾಡ. ಮನಿ ಹಳೀಸಿದ್ರ ರೇಟ್ ಇಳೀತೈತಿ ಅಂತ ನಮ್ಮ ಮಂದಿ ನಂಬ್ಯಾರ, ನಾ ನೋಡಿದ್ದರಾಗ ಅದು ಉಲ್ಟಾ ಆಗತೈತಿ, ಮಾರೋರು ಹಟಕ್ಕ ಬೀಳತಾರ. ಮಾಳಿಗಿ ವಾಟರ್‌ಪ್ರೂಫಿಂಗ್, ವೈರಿಂಗ್, ಬಚ್ಚಲ ಮನಿ ರಿಪೇರಿ, ಇಷ್ಟಕ್ಕ ಎಷ್ಟ ಖರ್ಚು ಅಂತ ಒಂದ್ ಹಾಳಿ ಮ್ಯಾಲ ಬರಸಿ ಏಜೆಂಟ್ ಕೈಯಾಗ ಕೊಡ್ರಿ, ‘ಮನಿ ನಮಗ ಸೇರೈತಿ, ಈ ಖರ್ಚು ಬರತೈತಿ, ಇಷ್ಟಕ್ಕ ಆದ್ರ ತಗೋತೀವಿ’ ಅಂತ. ಏಜೆಂಟ್ ತೋರಿಸಿದ ಮನಿಗೆ ಆಮ್ಯಾಲ ನೀವ ಹೋಗಿ ‘ಅವನ ಬಿಟ್ಟ ನಮ್ಮ-ನಮ್ಮಾಗ ಮಾಡ್ಕೊಳ್ಳೋಣ’ ಅನ್ನೋದು ಬ್ಯಾಡ್ರಿ, ಅದು ಅವರ ಹೊಟ್ಟಿ ಮ್ಯಾಲ ಹೊಡದಂಗ, ಮತ್ತ ಅಂಥವರ ಜೋಡಿ ವ್ಯವಹಾರ ಮಾಡಾಕ ಮಾಲೀಕರೂ ಹಿಂದ ಮುಂದ ನೋಡತಾರ. ಸಂಚಕಾರಾನೂ (ಮುಂಗಡ ರೊಕ್ಕ) ಅಷ್ಟ, ಮನಿ ಛಲೋ ಅನಿಸಿದ ಹುರುಪಿನ್ಯಾಗ ಅಲ್ಲೇ ರೊಕ್ಕಾ ಎಣಸಬ್ಯಾಡ್ರಿ. ಕಾಗದ ನೋಡಿ, ಸಂಚಕಾರ ಪತ್ರ ಬರದು, ಚೆಕ್ ಇಲ್ಲಾ ಬ್ಯಾಂಕ್ ಟ್ರಾನ್ಸ್‌ಫರ್ ಮಾಡ್ರಿ. ಮನಿ-ಜಾಗಾ ಮಾರಾಟದ ಮುಂಗಡ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೋಬಾರದು ಅಂತ 2015ರಿಂದ ಇನ್ಕಮ್ ಟ್ಯಾಕ್ಸ್ ಕಾಯ್ದೆ ಐತಿ, ದಂಡ ಬೀಳೋದು ತಗೊಂಡವರಿಗೆ, ತಗೊಂಡಷ್ಟೇ ಮೊತ್ತದ ದಂಡ. ಎಷ್ಟೋ ಹಿರಿಯರಿಗೆ ಇದು ಗೊತ್ತಿರಂಗಿಲ್ಲ, ನೀವು ನಗದು ಕೊಟ್ರ ಅವರನ್ನ ತ್ರಾಸಿನ್ಯಾಗ ಹಾಕಿದಂಗ.

ಇನ್ನ, ನೋಡಿ ಬಂದ ಮ್ಯಾಲ ಉತ್ತರಾ ಕೊಡ್ರಿ. ‘ಹೇಳತೀವ್ರಿ’ ಅಂದು ಹೋಗಿ ಫೋನ್ ಎತ್ತಲಾರದಂಗ ಕುಂತ್ರ ಆ ಮನಿಯವರು ನಿಮ್ಮ ದಾರಿ ಕಾದು ಬ್ಯಾರೇಯವರನ್ನ ಕರಸಿರಂಗಿಲ್ಲ. ಎರಡ ದಿನದಾಗ ಏಜೆಂಟ್‌ಗೆ ‘ಮನಿ ಛಲೋ ಐತ್ರಿ, ನಮ್ಮ ಬಜೆಟ್ಟಿಗೆ ಕೂಡಂಗಿಲ್ಲ’ ಅಂತ ಒಂದ್ ಮಾತು ಹೇಳಿದ್ರ ಮುಗೀತು, ಕಾರಣ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಈಗ ನಿಮ್ಮ ನವನಗರದ ಮನಿ ವಿಷಯ. ಏಜೆಂಟ್ ಕೈಲೇ ‘ರೇಟ್ ಏರಸತೀವಿ’ ಅಂತ ಹೇಳಿ ಕಳಿಸಬ್ಯಾಡ್ರಿ, ಅದು ಗಾಯದ ಮ್ಯಾಲ ಉಪ್ಪ ಹಾಕಿದಂಗ. ‘ಮನಿ ಸಲುವಾಗಿ ಅಲ್ರಿ, ಅಜ್ಜಿಯವರನ್ನ ಒಮ್ಮೆ ಮಾತಾಡಿಸಬೇಕು’ ಅಂತ ಕೇಳಿ, ಹೂಂ ಅಂದ್ರ ನೀವು, ಯಜಮಾನ್ರು ಇಬ್ರ ಹೋಗ್ರಿ, ಸಂಜಿ ಐದರ ಸುಮಾರ, ಹಣ್ಣೋ ಹೂವೋ ತಗೊಂಡು. ಅಜ್ಜಿ ಬಾಜೂಕ ಕೆಳಗ ಕುಂತು ‘ನಮ್ಮ ಮನಿಯವರ ಮಾತಿನಿಂದ ನಿಮಗ ನೋವಾತು, ತಪ್ಪಾತ್ರಿ’ ಅಂತ ನೀವ ಅನ್ರಿ, ಅತ್ತಿಯವರು ವಯಸ್ಸಾದವರು, ಅವರ ಮನಸ್ಸಿನ್ಯಾಗ ಹಂಗಿರಲಿಲ್ಲ ಅಂತ ವಕಾಲತ್ತು ಮಾಡಬ್ಯಾಡ್ರಿ. ಅತ್ತಿಯವರೇ ಬರತೀನಿ ಅಂದ್ರ ಅದಕ್ಕಿಂತ ಛಲೋದು ಬ್ಯಾರೆ ಇಲ್ಲ, ಹಿರಿಯರು ಹಿರಿಯರ ಮುಂದ ಕುಂತ್ರ ಹತ್ತು ಮಿನಿಟಿನ್ಯಾಗ ಸರಿ ಹೋಗತೈತಿ, ಆದ್ರ ಒತ್ತಾಯ ಮಾಡಿ ಕರಕೊಂಡು ಹೋಗಬ್ಯಾಡ್ರಿ. ಆವತ್ತ ಮನಿ ಮಾತು ನೀವು ಎತ್ತಬ್ಯಾಡ್ರಿ, ಅವರು ಎತ್ತಿದ್ರ ಮಾತಾಡ್ರಿ. ಕೊಡಂಗಿಲ್ಲ ಅಂತನ ಇದ್ರ ಅದು ಅವರ ಮನಿ, ಅವರ ಇಚ್ಛಾ. ಮನಸ್ಸ ತಿರುಗಿ ಕೊಡತೀವಿ ಅಂದ್ರ ಮುಂದಿನ ಭೇಟಿಗೆ ಒಬ್ಬ ಪ್ಲಂಬರ್ ಇಲ್ಲಾ ಇಂಜಿನಿಯರ್ ಕರಕೊಂಡು ಹೋಗಿ, ಆ ಈಶಾನ್ಯದ ಸಂಡಾಸಿನ ಪೈಪು ಯಾವ ಗ್ವಾಡಿ ಹಿಡದು ಒಳಚರಂಡಿಗೆ ಹೋಗೈತಿ, ಇನ್ನೊಂದ್ ಬಚ್ಚಲ ಮನಿಗೆ ಕೂಡಿಸಾಕ ಇಳಿಜಾರು ಸಿಗತೈತೋ ಇಲ್ಲೋ ಅಂತ ನೋಡಸ್ರಿ. ಇಳಿಜಾರು ಸಿಕ್ಕರ ಅದನ್ನ ಸರಸಾಕ ಆಗತೈತಿ, ನಿಮ್ಮ ಅತ್ತಿಯವರ ಚಿಂತಿನೂ ಬಗಿಹರೀತೈತಿ.